ಚಪ್ಪಲಿ ಬಿಡಿ, ಭಾವ

ನವೆಂಬರ್ ೩, ಸೋಮವಾರ

ಬರೆಯಲು ಕೂತಿದ್ದಕ್ಕೆ ಕ್ಷಮಿಸಿ. ಯಾರನ್ನು ಕೇಳುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲ; ಏನೇ ಶುರುಮಾಡಿದರೂ ಮೊದಲು ಕ್ಷಮೆ ಕೇಳಿಬಿಡುವುದು ಅಭ್ಯಾಸವಾಗಿದೆ. ಹಾಸ್ಟೆಲಿನಲ್ಲಿ ಡೈರಿ ಬರೆದವರ ಗತಿ ನೋಡಿದ್ದೇನೆ. ಏಳನೇ ಕ್ಲಾಸಿನಲ್ಲಿ ಒಬ್ಬಳ ಡೈರಿಯನ್ನು ಮೆಸ್ಸಿನ ಬೆಂಚಿನ ಮೇಲೆ ನಿಂತು ಓದಿದರು, ಆಕ್ಟಿಂಗ್ ಸಮೇತ. ಮನಸ್ಸಿನಲ್ಲಿರುವುದನ್ನು ಕಾಗದದ ಮೇಲೆ ಇಡಬಾರದು ಎಂದು ಅವತ್ತೇ ತೀರ್ಮಾನಿಸಿದ್ದೆ. ಆದರೆ ಈಗ ನನಗೊಂದು ರೂಮಿದೆ. ರೂಮಿಗೆ ಬಾಗಿಲಿದೆ. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆ. ಆರನೇ ವಯಸ್ಸಿನಿಂದ ಡಾರ್ಮಿಟರಿಯಲ್ಲೇ ಬೆಳೆದವಳಿಗೆ ಚಿಲಕ ಎಂದರೆ ಏನು ಎಂಬುದು ಮನೆಯಲ್ಲಿ ಬೆಳೆದವರಿಗೆ ಹೇಳಿದರೂ ಅರ್ಥವಾಗದು.

ಇದು ಅಕ್ಕ-ಭಾವನ ಮನೆ. ಬೇಕರಿಯೊಂದರ ಮೇಲಿನ ಬಾಡಿಗೆ ಮಹಡಿ: ರಸ್ತೆಯ ಕಡೆ ದೊಡ್ಡ ರೂಮು, ನಡುವೆ ಅಡುಗೆಮನೆ, ಹಿಂದೆ ಒಂದು ಗೂಡು. ಗೂಡು ನನ್ನದು. ಕಾಲೇಜಿನ ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ, ವೇಟಿಂಗ್ ಲಿಸ್ಟಿನಲ್ಲಿದ್ದೇನೆ. ಅಮ್ಮ ಇಲ್ಲ. ಅಪ್ಪ ಲಾರಿ ಓಡಿಸುತ್ತಾರೆ, ಇವತ್ತು ಎಲ್ಲಿದ್ದಾರೋ ಅವರಿಗೇ ಗೊತ್ತಿರಬೇಕು. ಹಾಗಾಗಿ ಸೀಟು ಸಿಗುವವರೆಗೆ ಇವರ ಮನೆ.

ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ಕಳೆದ ತಿಂಗಳು, ದಿನ ತುಂಬುವ ಮೊದಲೇ, ಗಂಡುಮಗು ಹುಟ್ಟಿತು. "ಒಂದು ಬನ್ನಿನಷ್ಟಿದ್ದಾನೆ" ಎಂದು ಭಾವ ಕೈಯಲ್ಲಿ ಅಳತೆ ತೋರಿಸಿದ್ದರು. ಅವರಿನ್ನೂ ಅವನನ್ನು ಎತ್ತಿಕೊಂಡಿಲ್ಲ, ಗಾಜಿನ ಈಚೆಯಿಂದ ನೋಡಿದ್ದಷ್ಟೇ. ಇವತ್ತು ಡಾಕ್ಟರ್ ಹೇಳಿದರಂತೆ, ತೂಕ ಏರುತ್ತಿದೆ, ತಿಂಗಳ ಕೊನೆಗೆ ಕಳಿಸಬಹುದು ಎಂದು. ಆದರೆ ಚಳಿ ಬರುತ್ತಿದೆ. ಮೊದಲು ಒಬ್ಬ ನರ್ಸ್ ಬಂದು ಮನೆ ನೋಡುತ್ತಾರೆ. ಮಗು ಮಲಗುವ ರೂಮು ಹಗಲೂ ರಾತ್ರಿಯೂ ಬೆಚ್ಚಗಿದ್ದರೆ ಇಲ್ಲಿಗೆ. ಇಲ್ಲದಿದ್ದರೆ ಭಾವನ ಅಣ್ಣನ ಮನೆಗೆ. ಅದು ಬೇರೆ ಊರು, ರೈಲಿನಲ್ಲಿ ಒಂದಿಡೀ ಹಗಲಿನ ದಾರಿ. ಹೊಸ ಫ್ಲಾಟು, ಎಲ್ಲ ರೂಮಿಗೂ ಹೀಟರ್. ಚಳಿಗಾಲ ಮುಗಿಯುವವರೆಗೆ ಅಕ್ಕ ಮತ್ತು ಮಗು ಅಲ್ಲೇ. ಭಾವ ಡ್ರೈಕ್ಲೀನಿಂಗ್ ಅಂಗಡಿಯ ಕೆಲಸ ಬಿಟ್ಟು ಹೋಗುವಂತಿಲ್ಲ.

"ವಾಪಸ್ ಬರೋ ಹೊತ್ತಿಗೆ ನನ್ನ ನೋಡಿ, ಈ ಅಂಕಲ್ ಯಾರು ಅಂತಾನೆ," ಎಂದು ಭಾವ ನಕ್ಕರು. ನಗು ಅರ್ಧಕ್ಕೇ ನಿಂತಿತು.

ನವೆಂಬರ್ ೫, ಬುಧವಾರ

ಅಕ್ಕನ ಫೋನ್. "ಪುಟ್ಟೀ, ಆ ಗೂಡಲ್ಲಿ ಚಳಿ ಆಗ್ತಿಲ್ವೇನೇ? ನನ್ನ ರಜಾಯಿ ಬೀರುವಲ್ಲಿದೆ, ತಗೊಂಡು ಹೊದ್ಕೋ."

"ಪರವಾಗಿಲ್ಲ ಅಕ್ಕಾ."

"ಏನ್ ಪರವಾಗಿಲ್ಲ? ಇದ್ದೊಬ್ಬ ತಂಗೀನ ಗೋಡೌನಲ್ಲಿ ಮಲಗಿಸಿದೀನಿ ಅಂತ ನಂಗೆ ಇಲ್ಲಿ ಊಟ ಇಳಿಯಲ್ಲ."

ಒಂದು ವಿಷಯವನ್ನು ಇಲ್ಲಿ ಮಾತ್ರ ಬರೆಯಬಹುದು. ಗೂಡಿನಲ್ಲಿ ಚಳಿಯಿಲ್ಲ. ನೆಲ ಬೆಚ್ಚಗಿದೆ. ಬೇಕರಿಯ ಒಲೆ ಸರಿಯಾಗಿ ನನ್ನ ಹಾಸಿಗೆಯ ಕೆಳಗಿದೆ. ಬೆಳಗಿನ ಜಾವ ಹಚ್ಚಿದ ಒಲೆ ಮಧ್ಯಾಹ್ನ ಆರಿಸಿದರೂ ಕಲ್ಲಿನ ನೆಲ ಮಾರನೆಯ ದಿನದವರೆಗೆ ಬಿಸಿ ಬಿಡುವುದಿಲ್ಲ. ಇವರು ಈ ಮನೆಗೆ ಬಂದದ್ದು ಬೇಸಿಗೆಯಲ್ಲಿ. ಗೂಡಿನ ಬಾಗಿಲು ತೆಗೆದರೆ ಉಸಿರು ಕಟ್ಟುತ್ತದೆ ಎಂದು ಟ್ರಂಕುಗಳನ್ನು ತುಂಬಿ ಮುಚ್ಚಿಬಿಟ್ಟರು. ಯಾಕೆ ಹಾಗೆ ಎಂದು ಯಾರೂ ಯೋಚಿಸಲಿಲ್ಲ. ಮನೆಯಲ್ಲಿ ಎಲ್ಲರೂ ಚಪ್ಪಲಿ ಹಾಕಿಯೇ ಓಡಾಡುತ್ತಾರೆ. ಭಾವನಂತೂ ಹೊಸಿಲು ದಾಟಿ ಒಳಗೆ ಬರುವುದೇ ಇಲ್ಲ. ನನ್ನ ಚಹಾ ಬಾಗಿಲ ಹೊರಗಿಟ್ಟು ಒಂದು ಸಲ ಕೆಮ್ಮಿ ಹೋಗುತ್ತಾರೆ. ನಾನು ಮಾತ್ರ ನೆಲದ ಮೇಲೆ ಮಲಗುವವಳು.

ಹಾಸ್ಟೆಲಿನಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೆ ಬಿಸಿನೀರಿನ ಪೈಪಿನ ಪಕ್ಕದ ಮಂಚ ಸಿಕ್ಕಿತ್ತು. ಖುಷಿಯಲ್ಲಿ ಒಬ್ಬಳಿಗೆ ಹೇಳಿದೆ. ಸಂಜೆಯೊಳಗೆ ಆ ಮಂಚದ ಮೇಲೆ ಸೀನಿಯರ್ ಒಬ್ಬಳ ಟ್ರಂಕು ಕೂತಿತ್ತು. ಅಂದಿನಿಂದ ಒಳ್ಳೆಯದೇನೇ ಸಿಕ್ಕಿದರೂ ಮುಖ ಸಪ್ಪಗೆ ಇಟ್ಟುಕೊಳ್ಳುವುದನ್ನು ಕಲಿತೆ.

ನಾನು ಸುಳ್ಳು ಹೇಳಿಲ್ಲ. ಪರವಾಗಿಲ್ಲ ಎಂದರೆ ಪರವಾಗಿಲ್ಲ ಎಂದೇ ಅರ್ಥ. ರಜಾಯಿಯನ್ನು ತಂದುಕೊಂಡೆ, ತರದಿದ್ದರೆ ಡೌಟ್ ಬರುತ್ತಿತ್ತು. ಹೊದ್ದರೆ ಬೆವರು.

ನವೆಂಬರ್ ೯, ಭಾನುವಾರ

ಭಾವನಿಗೆ ರಜೆ. ಬೆಳಿಗ್ಗೆಯಿಂದ ದೊಡ್ಡ ರೂಮಿನ ಮೇಲೆ ಯುದ್ಧ. ಮಗು ಮಲಗಬೇಕಾದದ್ದು ಅಲ್ಲೇ. ಮನೆಗೆ ಅದೇ ಚಂದದ ರೂಮು, ಬೆಳಕಿರುವ ರೂಮು. ಕಿಟಕಿಗಳಿಗೆ ಮಾತ್ರ ಒಂದಕ್ಕೂ ನೆಟ್ಟಗಿರುವ ಚೌಕಟ್ಟಿಲ್ಲ. ಭಾವ ಮೇಣದಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಮೆಲ್ಲಗೆ ಆಡಿಸಿದರು. ಜ್ವಾಲೆ ಎಲ್ಲಿ ತಲೆ ಬಾಗಿಸುತ್ತದೋ ಅಲ್ಲಿ ನಾನು ಚಾಕ್‌ಪೀಸಿನಿಂದ ಗುರುತು ಹಾಕಬೇಕು. ಸ್ವಲ್ಪ ಹೊತ್ತಿಗೆ ಗೋಡೆಗೆ ಸಿಡುಬು ಎದ್ದ ಹಾಗಾಯಿತು.

"ಇದು ಗೋಡೆನೋ ಜರಡಿನೋ?" ಎಂದರು ಭಾವ.

ಅಂಗಡಿಯ ಓನರ್ ಒಂದು ಹಳೇ ಹೀಟರ್ ಕೊಟ್ಟಿದ್ದರು. ಸ್ವಿಚ್ ಹಾಕಿದ್ದೇ ತಡ, ನಮ್ಮ ಕರೆಂಟಿನ ಜೊತೆ ಕೆಳಗಿನ ಬೇಕರಿಯ ಕರೆಂಟೂ ಹೋಯಿತು. ಬೇಕರಿಯಣ್ಣ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಏನ್ ಸ್ವಾಮೀ, ಮೇಲೆ ರಾಕೆಟ್ ಬಿಡ್ತಿದೀರಾ? ನನ್ನ ಹಿಟ್ಟಿನ ಮಿಷಿನ್ ನಿಂತೋಯ್ತು!"

"ಮಗು ಬರುತ್ತಲ್ಲ ಅಣ್ಣ, ಅದಕ್ಕೇ ಸ್ವಲ್ಪ..."

"ಮಗು ಬರ್ಲಿ, ಸಂತೋಷ. ಆದ್ರೆ ಈ ವೈರಿಂಗು ನಮ್ಮಜ್ಜನ ವಯಸ್ಸಿಂದು. ಹೀಟರ್ ಹಾಕಿದ್ರೆ ನಾವೆಲ್ಲ ಬೆಚ್ಚಗಾಗ್ತೀವಿ, ಪರ್ಮನೆಂಟಾಗಿ."

ಹೀಟರ್ ವಾಪಸ್ ಹೋಯಿತು. ವೈರಿಂಗ್ ತಡೆದಿದ್ದರೂ ಕರೆಂಟ್ ಬಿಲ್ಲನ್ನು ನಾವು ತಡೆಯುತ್ತಿರಲಿಲ್ಲ. ಬೇಕರಿಯಣ್ಣ ಗುಡಿಸಿ ಎತ್ತಿಟ್ಟ ಮೈದಾವನ್ನು ಒಂದು ಡಬ್ಬದಲ್ಲಿ ಕಳಿಸಿದರು, ಅಂಟು ಕಾಯಿಸಲು. ಹಳೇ ಪೇಪರನ್ನು ಉದ್ದುದ್ದ ಹರಿದು ಸಂದುಗಳಿಗೆ ಅಂಟಿಸಿದೆವು. ಭಾವನ ಹರಿದ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಮರದ ಹೊಟ್ಟು ತುಂಬಿ, ಎರಡೂ ತುದಿ ಹೊಲಿದು ಬಾಗಿಲಿನ ಅಡಿಗೆ ಇಟ್ಟೆವು. ಈಗ ಒಳಗೆ ಬರುವವರು ಮೊದಲು "ಭಾವನ ಕಾಲು ಸರಿಸಿ" ಎನ್ನಬೇಕು.

"ಇನ್ನೊಂದು ಕಾಲು ಮಿಕ್ಕಿದೆ. ನಿನ್ನ ಬಾಗಿಲಿಗೂ ಮಾಡ್ಕೊಡ್ಲಾ?" ಎಂದು ಕೇಳಿದರು.

"ಬೇಡ ಭಾವ. ಮೊದ್ಲು ಮಗುಂದು ಆಗ್ಲಿ."

ಆಮೇಲೆ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದುದು ಕೇಳಿಸಿತು: "ನಿನ್ನ ತಂಗಿ ಬಂಗಾರ ಕಣೇ."



ನವೆಂಬರ್ ೧೨, ಬುಧವಾರ

ಫಿಸಿಕ್ಸ್ ಕ್ಲಾಸು. ಬಿಸಿ ಇರುವಲ್ಲಿಂದ ತಣ್ಣಗಿರುವ ಕಡೆಗೆ ಶಾಖ ಹರಿದೇ ತೀರುತ್ತದೆ ಎಂದರು ಲೆಕ್ಚರರ್. ನನ್ನನ್ನೇ ನೋಡಿ ಹೇಳಿದಂತಿತ್ತು. ಆಮೇಲೆ ಗೊತ್ತಾಯಿತು, ಅವರು ನನ್ನ ಹಿಂದಿನ ಗಡಿಯಾರ ನೋಡುತ್ತಿದ್ದರು.

ನವೆಂಬರ್ ೧೪, ಶುಕ್ರವಾರ

ಹಾಸ್ಟೆಲ್ ಆಫೀಸಿನಿಂದ ಮೇಲ್ ಬಂತು. ಒಂದು ಸೀಟು ಖಾಲಿಯಾಗಿದೆ, ಡಿಸೆಂಬರ್ ಒಂದಕ್ಕೆ ಸೇರಬಹುದು, ೨೨ರ ಶನಿವಾರ ಸಂಜೆಯೊಳಗೆ ಕನ್ಫರ್ಮ್ ಮಾಡಿ ಎಂದು. ಕುಣಿಯಬೇಕಿತ್ತು. ಒಂದು ರೂಮಿಗೆ ಮೂವರು, ಬಿಸಿನೀರು, ಬೆಲ್ಲು, ಊಟದ ಟೈಮು, ಎಲ್ಲ ನನಗೆ ಗೊತ್ತಿರುವ ಜಗತ್ತು. ಅಲ್ಲಿ ಯಾರೂ ನನ್ನನ್ನು ಬಂಗಾರ ಎನ್ನುವುದಿಲ್ಲ.

ಇನ್ನೊಂದು ಲಾಭವೂ ಇದೆ. ನಾನು ಹೋದ ಮೇಲೆ ಇವರು ಗೂಡು ಗುಡಿಸಲು ಬರುತ್ತಾರೆ, ಯಾವತ್ತೋ ಬರಿಗಾಲು ಇಡುತ್ತಾರೆ, ತಾವೇ ಕಂಡುಕೊಳ್ಳುತ್ತಾರೆ. ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ. ಪ್ರಾಬ್ಲಮ್ ಸಾಲ್ವ್ಡ್.

ನರ್ಸ್ ಬರುವುದು ೨೧ಕ್ಕೆ. ನಾನು ಹೋಗುವುದು ಒಂದನೇ ತಾರೀಕಿಗೆ. ಈ ಲೆಕ್ಕ ಯಾಕೋ ಕೂಡುತ್ತಿಲ್ಲ. ಇರಲಿ. ದೊಡ್ಡ ರೂಮೇ ಪಾಸಾಗುತ್ತದೆ. ಆಗಲೇಬೇಕು.

ನವೆಂಬರ್ ೧೬, ಭಾನುವಾರ

ಇವತ್ತು ಭಾವ ಒಂದು ಸಿನಿಮಾ ಥಿಯೇಟರನ್ನೇ ಹೊತ್ತು ತಂದರು!

ಯಾವುದೋ ಥಿಯೇಟರಿನವರು ತೆರೆಯ ಮುಂದೆ ಇಳಿಬಿಡುವ ಪರದೆಯನ್ನು ಡ್ರೈಕ್ಲೀನಿಂಗಿಗೆ ಕೊಟ್ಟಿದ್ದರಂತೆ. ಆಮೇಲೆ ಥಿಯೇಟರೇ ಮುಚ್ಚಿಹೋಯಿತು. ವರ್ಷಗಟ್ಟಲೆ ಯಾರೂ ಬರಲಿಲ್ಲ. ಜಾಗ ಖಾಲಿಯಾದರೆ ಸಾಕು, ಹೊತ್ತುಕೊಂಡು ಹೋಗು ಎಂದರಂತೆ ಓನರ್. ಕೆಂಪು ಮಖಮಲ್ಲು, ಒದ್ದೆ ಎಮ್ಮೆಯಷ್ಟು ಭಾರ. ಭಾವ ಮುಂದೆ, ನಾನು ಹಿಂದೆ, ನಡುವೆ ಮೆಟ್ಟಿಲ ತುಂಬ ಪರದೆ. ಬೇಕರಿಯಣ್ಣ ಕೆಳಗಿನಿಂದ ಶಿಳ್ಳೆ ಹೊಡೆದರು. "ಟಿಕೆಟ್ ಎಷ್ಟಪ್ಪಾ?"

ಕತ್ತರಿಸಲು ಭಾವನಿಗೆ ಮನಸ್ಸು ಬರಲಿಲ್ಲ. ಕೊನೆಗೆ ಕಿಟಕಿಗಳಿಗೆ ಬೇಕಾದಷ್ಟು ಕತ್ತರಿಸಿ, ಅಂಚು ಮಡಿಸಿ ಹೊಲಿದರು. ಅವರ ಹೊಲಿಗೆ ಎಷ್ಟು ನೇರ! ದೊಡ್ಡದೊಂದು ತುಂಡು ಮಿಕ್ಕಿತು, ಮಡಿಸಿ ಮಂಚದ ಕೆಳಗಿಟ್ಟರು. ಸಂಜೆ ದೀಪ ಹಾಕಿದಾಗ ರೂಮು ದಾಳಿಂಬೆಯ ಒಳಗಿನಂತೆ ಕಂಡಿತು. ಗಾಳಿ ನಿಂತಿದೆ.

ಚಳಿ ನಿಂತಿಲ್ಲ. ಇಬ್ಬರಿಗೂ ಗೊತ್ತಾಯಿತು. ಭಾವ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಮೊದಲಿಗಿಂತ ವಾಸಿ, ಅಲ್ವಾ?" ಎಂದರು. ಬಾಯಿಂದ ಹೊಗೆಯಂಥ ಉಸಿರು ಬಂತು.

ನವೆಂಬರ್ ೧೯, ಬುಧವಾರ

ಮಧ್ಯಾಹ್ನ ಆಸ್ಪತ್ರೆಗೆ ಹೋಗಿದ್ದೆ. ಗಾಜಿನ ಈಚೆ ನಾನು ಮತ್ತು ಅಕ್ಕ. ಆಚೆ ಅವನು, ಗಾಜಿನ ಪೆಟ್ಟಿಗೆಯ ಬದಿಯ ತೊಟ್ಟಿಲಲ್ಲಿ. ದಿನಕ್ಕೆ ಸ್ವಲ್ಪ ಹೊತ್ತು ಪೆಟ್ಟಿಗೆಯಿಂದ ಹೊರಗಿಟ್ಟು ಅಭ್ಯಾಸ ಮಾಡಿಸುತ್ತಾರಂತೆ. ಟೋಪಿಯೊಳಗೆ ಮುಖವೇ ಸಣ್ಣದು, ಅದರಲ್ಲಿ ಹುಬ್ಬು ಗಂಟಿಕ್ಕಿದ್ದ.

"ಯಾಕೆ ಕೋಪ ಅವನಿಗೆ?" ಎಂದೆ.

"ಬೆಚ್ಚಗಿರೋ ಜಾಗದಿಂದ ಎತ್ತಿ ಹೊರಗೆ ಹಾಕಿದ್ರೆ ನಿಂಗೆ ಬರಲ್ವಾ?" ಅಕ್ಕ ನಕ್ಕಳು. ಆಮೇಲೆ ನನ್ನ ಕೈ ಹಿಡಿದು ಉಜ್ಜಿದಳು. "ನಿನ್ನ ಕೈ ಬೆಚ್ಚಗಿದೆ ಕಣೇ. ನಂದೇ ಮಂಜುಗಡ್ಡೆ. ರಜಾಯಿ ಹೊದ್ಕೋತಿದೀಯಾ ತಾನೇ?"

ತಲೆ ಆಡಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈಯನ್ನು ಕಿಟಕಿಯಾಚೆ ಇಟ್ಟುಕೊಂಡು ಬಂದೆ. ಯಾಕೆಂದು ಗೊತ್ತಿಲ್ಲ.

ಸಂಜೆ ಬಿಟ್ಟುಹೋಗಿದ್ದ ಸಂದುಗಳಿಗೆ ಇನ್ನೊಂದು ಸುತ್ತು ಪೇಪರ್. ಹಾಸ್ಟೆಲ್ ಆಫೀಸಿನಿಂದ ಎರಡು ಸಲ ಫೋನ್ ಬಂತು. ಕೈಯೆಲ್ಲ ಮೈದಾ ಅಂಟು, ತೆಗೆಯಲಾಗಲಿಲ್ಲ.

ನವೆಂಬರ್ ೨೧, ಶುಕ್ರವಾರ

ನರ್ಸಮ್ಮ ಬಂದರು. ದುಂಡಗಿನ ಹೆಂಗಸು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಸುತ್ತ ನೋಡಿ, "ಅಬ್ಬಾ, ಗೋಡೆಗೆಲ್ಲ ಸ್ವೆಟರ್ ಹಾಕಿದೀರಲ್ಲಪ್ಪಾ!" ಎಂದರು. ಭಾವನ ಮುಖ ಅರಳಿತು. ನರ್ಸಮ್ಮ ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಮಂಚದ ಮೇಲಿಟ್ಟು, ಪಕ್ಕದ ಬೀದಿಯ ಬಾಣಂತಿಯನ್ನು ನೋಡಿಕೊಂಡು ಬರುತ್ತೇನೆಂದು ಹೋದರು. ಭಾವ ಅದರ ಎದುರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತರು. ಒಂದು ಸಲ ಅದರ ಮೇಲೆ ಬಾಯಿಂದ ಬಿಸಿ ಊದಿದರು. ನಾನು ನೋಡಿದೆ ಎಂದು ಗೊತ್ತಾಗಿ ನಾಚಿಕೊಂಡರು.

ನರ್ಸಮ್ಮ ವಾಪಸ್ ಬಂದು ನೋಡಿ ತಲೆ ಆಡಿಸಿದರು.

"ತುಂಬ ಕಷ್ಟಪಟ್ಟಿದೀಯಪ್ಪಾ. ನಂಗೆ ಕಾಣ್ಸುತ್ತೆ. ಆದ್ರೆ ಹಗಲಲ್ಲೇ ಹಿಂಗಿದ್ರೆ ರಾತ್ರಿ ಹೆಂಗೆ? ಅದು ನಮ್ ನಿಮ್ ಥರ ನಡುಗೋ ಮಗು ಅಲ್ಲ. ನಡುಗೋಕೂ ಶಕ್ತಿ ಬೇಕು."

"ಇನ್ನೊಂದು ವಾರ ಕೊಟ್ರೆ..."

"ವಾರದಲ್ಲಿ ಚಳಿ ಜಾಸ್ತಿಯಾಗುತ್ತೆ, ಕಮ್ಮಿ ಆಗಲ್ಲ. ನಿಮ್ಮಣ್ಣನ ಮನೆ ಇದೆ ಅಂದ್ರಲ್ಲ. ಕಳಿಸಿಬಿಡಿ. ಬೇಸಿಗೆಗೆ ಗುಂಡುಗುಂಡಾಗಿ ಬರ್ತಾನೆ."

ಅವರು ಹೋದ ಮೇಲೆ ಭಾವ ಬಾಗಿಲಲ್ಲೇ ಕೂತರು, ಹೊಟ್ಟು ತುಂಬಿದ ಆ ಪ್ಯಾಂಟಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು.

ನಾನು ಗೂಡಿಗೆ ಬಂದು ಚಿಲಕ ಹಾಕಿಕೊಂಡೆ.

ನವೆಂಬರ್ ೨೨, ಶನಿವಾರ

ಭಾವ ರೈಲಿನ ಟಿಕೆಟ್ ತೆಗೆಸಿಕೊಂಡು ಬಂದರು. ವಾಪಸ್ ಮಾಡಲು ಬರದ ಟಿಕೆಟಂತೆ, ಅದೇ ಅಗ್ಗ.

ನೆಲ ಬೆಚ್ಚಗಿದೆ. ಮಂಚದ ಮೇಲೆ ಮಲಗಿದ್ದರೆ ಚೆನ್ನಾಗಿತ್ತು.

ನವೆಂಬರ್ ೨೩, ಭಾನುವಾರ

ಬೆಳಿಗ್ಗೆ ಭಾವ ಅಕ್ಕನ ಬ್ಯಾಗು ತುಂಬುತ್ತಿದ್ದರು. ಮಗುವಿನ ಬಟ್ಟೆ ಮಡಿಸುವುದು ನೋಡಿದೆ. ಅಂಗಡಿಯಲ್ಲಿ ದೊಡ್ಡವರ ಕೋಟುಗಳನ್ನು ಮಡಿಸುವ ಕ್ರಮದಲ್ಲೇ, ತೋಳು ಹಿಂದಕ್ಕೆ, ಕಾಲರ್ ಮೇಲಕ್ಕೆ. ಅಂಗೈಯಷ್ಟು ಅಂಗಿಗೆ ಅಷ್ಟೊಂದು ಮಡಿಕೆ.

"ಭಾವ, ಒಂದ್ನಿಮಿಷ ನನ್ನ ರೂಮಿಗೆ ಬನ್ನಿ."

ಬಂದು ಹೊಸಿಲಲ್ಲಿ ನಿಂತರು. "ಏನು, ಬಲ್ಬ್ ಹೋಯ್ತಾ?"

"ಒಳಗೆ ಬನ್ನಿ. ಚಪ್ಪಲಿ ಬಿಡಿ."

"ಯಾಕೆ, ಗುಡಿಸಿದ್ಯಾ?"

"ಚಪ್ಪಲಿ ಬಿಡಿ, ಭಾವ. ಸಾಕ್ಸೂ."

ನನ್ನ ಧ್ವನಿ ಹೇಗಿತ್ತೋ, ಮಾತಾಡದೆ ಬಿಚ್ಚಿದರು. ಒಂದು ಕಾಲಿಟ್ಟರು. ಇನ್ನೊಂದನ್ನೂ ಇಟ್ಟರು. ತಮ್ಮ ಕಾಲುಗಳನ್ನೇ ನೋಡಿಕೊಂಡರು, ಅವು ಬೇರೆಯವರವು ಎಂಬಂತೆ. ಆಮೇಲೆ ಬರಿಗಾಲಲ್ಲೇ ದೊಡ್ಡ ರೂಮಿಗೆ ಓಡಿ, ವಾಪಸ್ ಓಡಿಬಂದು, ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿದರು. ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಒಲೆ," ಎಂದರು.

"ಹೂಂ."

"ಯಾವಾಗಿಂದ ಹಿಂಗಿದೆ?"

"ನಾನು ಬಂದ ದಿನದಿಂದ. ಬೇಕರಿ ರಜಾ ದಿನ ಸ್ವಲ್ಪ ಕಮ್ಮಿ."

ನಗತೊಡಗಿದರು. "ಗೋಡೌನು! ನಿನ್ನನ್ನ ಗೋಡೌನಿಗೆ ತಳ್ಳಿದ್ವಿ ಅಂತ ನಿಮ್ಮಕ್ಕ ದಿನಾ ಅತ್ತಿದ್ದೇ ಅತ್ತಿದ್ದು..." ನಗುತ್ತ ಕಣ್ಣೊರೆಸಿಕೊಂಡರು. ನಗು ತಾನಾಗಿಯೇ ನಿಂತಿತು. ನನ್ನನ್ನು ನೋಡಿದರು. "ನಿಂಗೆ ಗೊತ್ತಿತ್ತು. ಮೊನ್ನೆ ನರ್ಸಮ್ಮ ಬಂದಾಗ್ಲೂ."

"ಹೂಂ."

"ಮತ್ತೆ ಯಾಕೆ...?"

"ಹಾಸ್ಟೆಲಲ್ಲಿ ಹೇಳಲ್ಲ ಭಾವ." ಎಂಥ ಉತ್ತರ ಅದು! ಆದರೆ ಬಾಯಿಗೆ ಬಂದದ್ದು ಅದೊಂದೇ.

ಅವರು ಇನ್ನೊಮ್ಮೆ ನೆಲಕ್ಕೆ ಕೈಯಿಟ್ಟು ನೋಡಿದರು. ಆಮೇಲೆ ಎದ್ದರು. "ಸರಿ. ಹಾಸಿಗೆ ಆ ಕಡೆಯಿಂದ ಹಿಡ್ಕೋ."

ಊಟ ಮಾಡುವಾಗಲೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ ೨೪, ಸೋಮವಾರ

ಅಡುಗೆಮನೆಯಲ್ಲಿ ಮಲಗಿದ್ದೆ. ಎದ್ದಾಗ ತಲೆಯ ಹತ್ತಿರ ಚಹಾ ಇತ್ತು, ಮೇಲೆ ಒಂದು ತಟ್ಟೆ ಮುಚ್ಚಿ. ಕೆಮ್ಮಿದ್ದು ಕೇಳಿಸಲಿಲ್ಲ.

ಕಾಲೇಜಿಗೆ ಹೋಗುವ ಮೊದಲು ಬೇಕರಿಗೆ ಹೋದೆ. ಹೊರಗಿನವರ ಹತ್ತಿರ ಏನಾದರೂ ಕೇಳುವುದೆಂದರೆ ನನಗೆ ಜ್ವರ ಬಂದಂತೆ. ರಜಾ ದಿನ, ಮಂಗಳವಾರ, ಒಲೆ ಪೂರ್ತಿ ಆರಿಸದೆ ಇರಲು ಆಗುತ್ತದಾ ಎಂದು ಕೇಳಿದೆ. ಯಾಕೆಂದೂ ಹೇಳಿದೆ.

ಬೇಕರಿಯಣ್ಣ ಸೊಂಟಕ್ಕೆ ಕೈಯಿಟ್ಟರು. "ಅಂದ್ರೆ ಇಷ್ಟು ದಿನ ನನ್ನ ಸೌದೆ ಸುಟ್ಟು ನೀನು ಬೆಚ್ಚಗೆ ಮಲ್ಗಿದ್ಯಾ? ಬಾಡಿಗೆ ಎಲ್ಲಿ?"

ನಾನು ಸಾರಿ ಎಂದೆ. ಇನ್ನೊಂದು ಸಲ ಸಾರಿ ಎಂದೆ.

"ಅಯ್ಯೋ ತಾಯಿ, ತಮಾಷೆ! ರಸ್ಕ್ ಒಣಗಿಸೋಕೆ ಸಣ್ಣ ಬಿಸಿ ಸಾಕು. ಅದನ್ನ ಮಂಗಳವಾರಕ್ಕೆ ಹಾಕ್ಕೋತೀನಿ. ಹುಡುಗ ಹಲ್ಲು ಬಂದ್ಮೇಲೆ ತಿಂದು ತೀರಿಸ್ಲಿ."

ಮೆಟ್ಟಿಲ ಹತ್ತಿರ ಭಾವ ನಿಂತಿದ್ದರು, ಅವರೂ ಅದನ್ನೇ ಕೇಳಲು ಬಂದಿದ್ದರು. "ಕೇಳಿದ್ಯಾ?" ಎಂದರು. ಕೇಳಿದೆ ಎಂದೆ. "ಒಬ್ಳೇನಾ?" ಎಂದರು. ಅಷ್ಟೇ. ಸಂಜೆ ಊಟದಲ್ಲಿ ಉಪ್ಪು ಕೊಡು ಎಂದರು.

ನವೆಂಬರ್ ೨೬, ಬುಧವಾರ

ಭಾವ ಫೋನ್ ಮಾಡಿ ಕರೆದಿದ್ದರು, ನರ್ಸಮ್ಮ ಎರಡನೇ ಸಲ ಬಂದರು. ಒಲೆ ನಿನ್ನೆಯೆಲ್ಲ ರಸ್ಕಿನ ಬಿಸಿಯಲ್ಲೇ ಇದ್ದದ್ದು. ಗೂಡಿಗೆ ಬಂದವರೇ ಚಪ್ಪಲಿ ಬಿಟ್ಟರು, ಯಾರೂ ಹೇಳದೆ. ಥರ್ಮಾಮೀಟರ್ ಇಟ್ಟರು. ಮೂಲೆಮೂಲೆಗೆ ಮೂಗು ತಂದು ಹೊಗೆಯ ವಾಸನೆ ಇದೆಯಾ ನೋಡಿದರು. ಕೆಳಗೆ ಹೋಗಿ ಒಲೆಯ ಚಿಮಣಿಯನ್ನೂ ನೋಡಿ ಬಂದರು. ನಾನು ಉತ್ಸಾಹದಲ್ಲಿ ಗೋಡೆಯ ಮೇಲ್ಗಡೆಯ ಗಾಳಿಕಿಂಡಿಗೂ ಪೇಪರ್ ಹಚ್ಚಲು ಹೋಗಿದ್ದೆ. "ಅದನ್ನ ಬಿಡಮ್ಮಾ! ಮಗು ಉಸಿರಾಡ್ಬೇಕು, ಬೇಯ್ಬಾರ್ದು."

ಆಮೇಲೆ ಥರ್ಮಾಮೀಟರ್ ಎತ್ತಿ ನೋಡಿದರು. ಭಾವನ ಕಡೆ ತಿರುಗಿಸಿ ತೋರಿಸಿದರು. ಭಾವ ಅದನ್ನು ಓದಲೇ ಇಲ್ಲ, ನರ್ಸಮ್ಮನ ಮುಖ ನೋಡುತ್ತಿದ್ದರು.

"ಶನಿವಾರ ಕರ್ಕೊಂಡ್ ಬನ್ನಿ," ಎಂದರು. "ಮೊದ್ಲು ಅವನ ಅಪ್ಪ ಆ ಕೈ ತೊಳ್ಕೊಳ್ಲಿ. ಮೈದಾ ಅಂಟಿದೆ."

ಅವರು ಹೋದ ಮೇಲೆ ಭಾವ ಮಂಚದ ಕೆಳಗಿನ ಮಖಮಲ್ಲನ್ನು ಎಳೆದರು. ದೊಡ್ಡ ರೂಮಿನ ನಡುವೆ ತಂತಿ ಕಟ್ಟಿ ಇಳಿಬಿಟ್ಟರು. ಈಚೆ ಅವರ ಮಂಚ, ಆಚೆ ನನ್ನ ಹಾಸಿಗೆ, ಮೇಜು, ಒಂದು ಕಿಟಕಿ. ಅಕ್ಕನ ರಜಾಯಿಯನ್ನು ನನ್ನ ಹಾಸಿಗೆಯ ಮೇಲೆ ಎಸೆದರು. "ಈಗ ಹೊದ್ಕೋ. ಈಗ ಬೇಕಾಗುತ್ತೆ."

"ಚಿಲಕ?" ಎಂದೆ, ತಮಾಷೆಗೆ. ಅರ್ಧ ತಮಾಷೆಗೆ.

ಜೇಬಿನಿಂದ ಒಂದು ದೊಡ್ಡ ಪಿನ್ನು ತೆಗೆದು ಪರದೆಯ ಅಂಚಿಗೆ ಚುಚ್ಚಿದರು, ಅಂಗಡಿಯಲ್ಲಿ ಕೋಟಿಗೆ ಚೀಟಿ ಚುಚ್ಚುವ ಪಿನ್ನು. "ಹಾಕ್ಕೊಂಡ್ರೆ ಯಾರೂ ಬರಲ್ಲ. ಇಂಟರ್ವಲ್ಲಿಗೆ ಮಾತ್ರ ಚಹಾ ಬರುತ್ತೆ."

ಇಲ್ಲಿ ಬೆರಳು ಮರಗಟ್ಟುತ್ತದೆ, ಅಕ್ಷರ ಸೊಟ್ಟಗಾಗುತ್ತಿದೆ. ಪಿನ್ನು ಹಾಕುವುದು ಮರೆತೇಹೋಗಿತ್ತು, ಈಗ ನೋಡಿದೆ. ಇರಲಿ.

ನವೆಂಬರ್ ೨೮, ಶುಕ್ರವಾರ

ನಾಳೆ ಬರುತ್ತಾರೆ. ನಮ್ಮ ಮನೆಯಲ್ಲಿ ಗುಡಿಸದ ಮೂಲೆಯಿಲ್ಲ. ರೈಲಿನ ಟಿಕೆಟ್ಟನ್ನು ಭಾವ ಅಡುಗೆಮನೆಯ ಕಿಟಕಿಯ ಸಂದಿಗೆ ಮಡಿಸಿ ತುರುಕಿದ್ದಾರೆ: "ಎಲ್ಲಕ್ಕಿಂತ ದುಬಾರಿ ಪೇಪರ್ ಇದೇ, ಗಾಳಿ ಸುಳಿದರೆ ಕೇಳು." ಹಾಸ್ಟೆಲ್ ಆಫೀಸಿಗೆ ಏನೋ ಫೋನ್ ಮಾಡಬೇಕಿತ್ತು. ಯಾವತ್ತಿನೊಳಗೆ ಎಂದಿದ್ದರೋ? ಸೋಮವಾರ ಕೇಳಬೇಕು, ನೆನಪಾದರೆ.

ಈಗಷ್ಟೇ ಅಕ್ಕನಿಗೆ ಒಂದು ಮೆಸೇಜ್ ಕಳಿಸಿದೆ. ಎಷ್ಟು ಸಲ ಅಳಿಸಿ ಬರೆದೆನೆಂದರೆ ಬಾಯಿಪಾಠವಾಗಿದೆ, ಹಾಗಾಗಿ ಇಲ್ಲೂ ಇಟ್ಟುಕೊಳ್ಳುತ್ತೇನೆ:

ಅಕ್ಕಾ, ನಿನ್ನ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೆ. ಭಾವ ಹೇಳಿರ್ತಾರೆ. ಹೇಳಿಲ್ಲ ಅಂದ್ರೆ ನಾಳೆ ನಾನೇ ಹೇಳ್ತೀನಿ, ಆ ರೂಮಲ್ಲೇ, ನೀನು ಚಪ್ಪಲಿ ಬಿಟ್ಟ ಮೇಲೆ. ತೊಟ್ಟಿಲು ರೆಡಿ ಇದೆ. ಒಲೆಯ ನೇರ ಮೇಲೆ ಇಡೋದಾ, ಗೋಡೆ ಪಕ್ಕ ಇಡೋದಾ ಅಂತ ಭಾವನಿಗೂ ನಂಗೂ ಬೆಳಿಗ್ಗೆಯಿಂದ ಜಗಳ. ನರ್ಸಮ್ಮ ಅಲ್ಲೇ ಇದ್ರೆ ಕೇಳು. ತೊಟ್ಟಿಲು ಹಿಡ್ಕೊಂಡು ನಿಂತಿದೀವಿ. ಬೇಗ ಉತ್ತರ ಕೊಡು.